ಟೆಂಪೋದ ಹಿಂಬದಿಗೆ ವಿದ್ಯುಚ್ಛಕ್ತಿ: ಫ್ಯೂಸು ಮೊದಲು, ಪ್ಲಗ್ಗು ಆಮೇಲೆ

ಈಚೆಗೆ ಒಂದು ದಿನ ನಮ್ಮ ಕಚೇರಿಗೆ ಮಿತ್ರರೊಬ್ಬರು ಆಗಮಿಸಿದ್ದರು. ಹದಿನೆಂಟು ವರ್ಷಗಳಿಂದ ಈ ಮುಂಬಯಿಯಲ್ಲಿ ದೋಸೆಯ ಕಾವಲಿಯ ಮುಂದೆ ನಿಂತು ಸಂಸಾರ ಸಾಗಿಸಿದವರು. ಕೂಡಿಟ್ಟ ಹಣದಲ್ಲಿ ಹಳೆಯ ಪಿಕಪ್ ಟೆಂಪೋ ಒಂದನ್ನು ಕೊಂಡು, ಮುಂಜಾನೆಯ ಹೊತ್ತು ಕಚೇರಿಗಳ ಬಳಿ ಇಡ್ಲಿ, ವಡೆ, ಚಹಾ ಮಾರಿ ಸ್ವತಂತ್ರವಾಗಿ ಬಾಳಬೇಕೆಂಬುದು ಅವರ ಬಹುದಿನದ ಆಶೆ. ಗಾಡಿಯ ವ್ಯವಹಾರವೂ ಕುದುರಿತ್ತು. ಉಳಿದುದು ಒಂದೇ ಪ್ರಶ್ನೆ.

"ಧಣಿಗಳೇ, ಹಿಂದಿನ ತೊಟ್ಟಿಗೆ ಒಂದು ಪ್ಲಗ್ ಪಾಯಿಂಟು ಬೇಕಾಗಿದೆ. ನಾಲ್ಕು ದೀಪ, ಚಟ್ನಿಗೊಂದು ಮಿಕ್ಸರ್, ಇಷ್ಟೇ. ಬ್ಯಾಟರಿಯಿಂದ ಎರಡು ತಂತಿ ಎಳೆದರಾಯಿತು, ಅರ್ಧ ಗಂಟೆಯ ಕೆಲಸ ಎಂದು ಗ್ಯಾರೇಜಿನವನು ಹೇಳುತ್ತಾನೆ. ಹಾಕಿಸಲೇ?"

ಅವರಿಗೆ ನಾವು ಒಡನೆಯೇ 'ಆಗಲಿ' ಎನ್ನಲಾರದೆ ಹೋದೆವು. ಅದಕ್ಕೆ ಕಾರಣವುಂಟು. ಇಂಥದೇ ಹಂಚಿಕೆಯಲ್ಲಿರುವ ಹೋಟೆಲು ಬಂಧುಗಳು ನಮ್ಮ ವಾಚಕರಲ್ಲಿ ಇನ್ನೂ ಅನೇಕರು ಇರಬಹುದಾದುದರಿಂದ, ಆ ಕಾರಣವನ್ನು ಇಲ್ಲಿ ಎಲ್ಲರ ಮುಂದಿಡುತ್ತೇವೆ.

2014ನೆಯ ಇಸವಿಯಲ್ಲಿ, ನಾವು ಹೋಟೆಲು ನಡೆಸುತ್ತಿದ್ದಾಗ, ಮದುವೆಯ ಊಟಗಳನ್ನು ಒಪ್ಪಿಕೊಳ್ಳುವ ಸಲುವಾಗಿ ನಮ್ಮ ಟೆಂಪೋದ ಹಿಂಬದಿಗೆ ಹೀಗೆಯೇ ಒಂದು ಪ್ಲಗ್ಗು ಹಾಕಿಸಿದೆವು. ಕೆಲಸದವನು ಫ್ಯೂಸಿನ ಮಾತೆತ್ತಿದ್ದನು. ದಪ್ಪ ತಂತಿಯ ಬೆಲೆಯನ್ನೂ ಹೇಳಿದ್ದನು. ಮನೆಯ ಪ್ಲಗ್ಗಿಗೆ ಹಾಕುವ ತಂತಿ ಸಾಕೆಂದು ಹೇಳಿ ಕೆಲವು ನೂರು ರೂಪಾಯಿಗಳನ್ನು ಉಳಿಸಿದವರು ನಾವೇ. ಒಂದು ಸಂಜೆ ಮಿಕ್ಸರ್ ತಿರುಗುತ್ತಿದ್ದಂತೆ ತಂತಿಯ ಹೊದಿಕೆ ಕರಗಿ, ಒಳಗಿನ ತಾಮ್ರ ಗಾಡಿಯ ತಗಡಿಗೆ ತಾಗಿ, ಹೊಗೆಯೆದ್ದಿತು. ತೊಟ್ಟಿಯಲ್ಲಿದ್ದ ಹುಡುಗ ಗಾಬರಿಯಿಂದ ಆ ತಂತಿಯನ್ನು ಬರಿಗೈಯಲ್ಲಿ ಹಿಡಿದೆಳೆದನು. ಗಾಡಿ ಉಳಿಯಿತು, ಮದುವೆಯ ಊಟವೂ ನಡೆಯಿತು. ಆದರೆ ಆ ಹುಡುಗನ ಬಲಗೈ ಒಂದು ತಿಂಗಳವರೆಗೆ ಲೋಟ ಹಿಡಿಯಲಿಲ್ಲ. ಅವನ ಸಂಬಳ, ಔಷಧಿಯ ಖರ್ಚು ಎಲ್ಲವನ್ನೂ ನಾವು ಕೊಟ್ಟೆವು. ಆದರೂ ಅಂಗೈಯ ಕಲೆಗೆ ಬೆಲೆ ಕಟ್ಟುವುದು ಹೇಗೆ?

ತಪ್ಪು ಎಲ್ಲಿತ್ತೆಂಬುದನ್ನು ಆಮೇಲೆ ತಿಳಿದವರನ್ನು ಕೇಳಿ ಕಲಿತೆವು. ಅದು ಸಾಮಾನ್ಯ ಲೆಕ್ಕ; ಗಲ್ಲಾದಲ್ಲಿ ಕುಳಿತು ಬಿಲ್ಲು ಕೂಡಿಸಬಲ್ಲ ಯಾರಿಗೂ ಬರತಕ್ಕದ್ದು.

ನಮ್ಮ ಮನೆಗಳಲ್ಲಿ ಹರಿಯುವ ವಿದ್ಯುತ್ತು 230 ವೋಲ್ಟಿನದು. ಸಣ್ಣ ಟೆಂಪೋಗಳ ಬ್ಯಾಟರಿ 12 ವೋಲ್ಟಿನದು. ಒಂದು ಯಂತ್ರಕ್ಕೆ ಬೇಕಾದ ಶಕ್ತಿ ಎಷ್ಟು ವ್ಯಾಟೋ ಅಷ್ಟನ್ನೂ ಒದಗಿಸಲೇಬೇಕು. ವೋಲ್ಟು ಕಡಿಮೆಯಾದರೆ ಆಂಪಿಯರ್ ಅದೇ ಪ್ರಮಾಣದಲ್ಲಿ ಏರುತ್ತದೆ. 500 ವ್ಯಾಟಿನ ಮಿಕ್ಸರ್ ಮನೆಯಲ್ಲಿ ಎಳೆಯುವುದು ಸುಮಾರು 2 ಆಂಪಿಯರ್. ಅದನ್ನೇ ಗಾಡಿಯಲ್ಲಿ ಇನ್ವರ್ಟರ್ ಎಂಬ ಪೆಟ್ಟಿಗೆಯ ಮೂಲಕ ನಡೆಸಿದರೆ, ಪೆಟ್ಟಿಗೆಯಲ್ಲಾಗುವ ನಷ್ಟವೂ ಸೇರಿ, ಬ್ಯಾಟರಿಯಿಂದ ಎಳೆಯುವುದು ಸುಮಾರು 50 ಆಂಪಿಯರ್! ಮೋಟಾರು ತಿರುಗಲಾರಂಭಿಸುವ ಕ್ಷಣದಲ್ಲಿ ಅದು ಇನ್ನೂ ಹೆಚ್ಚು. ನೆನಪಿಗೆ ಸುಲಭವಾದ ಸೂತ್ರವಿದು: ವ್ಯಾಟನ್ನು 10ರಿಂದ ಭಾಗಿಸಿರಿ; ಬಂದುದೇ ಬ್ಯಾಟರಿಯ ತಂತಿಯಲ್ಲಿ ಹರಿಯುವ ಆಂಪಿಯರ್. 2000 ವ್ಯಾಟಿನ ಇಂಡಕ್ಷನ್ ಒಲೆಗೆ 200 ಆಂಪಿಯರ್ ಆಯಿತು. ಆ ಆಶೆಯನ್ನು ಸಣ್ಣ ಗಾಡಿಯಲ್ಲಿ ಬಿಟ್ಟುಬಿಡುವುದೇ ಲೇಸು.

ಇನ್ನು ತಂತಿಯ ಮಾತು. ನಾವು ಹಾಕಿಸಿದ್ದು 2.5 ಚದರ ಮಿಲಿಮೀಟರಿನ ತಾಮ್ರದ ತಂತಿ. ಬ್ಯಾಟರಿಯಿಂದ ತೊಟ್ಟಿಗೆ 4 ಮೀಟರು. ಹೋಗಿ ಬರುವ ದಾರಿ 8 ಮೀಟರು. ಇದರಲ್ಲಿ 50 ಆಂಪಿಯರ್ ಹರಿದರೆ ದಾರಿಯಲ್ಲಿಯೇ ಸುಮಾರು 2.7 ವೋಲ್ಟು ಸೋರಿಹೋಗುತ್ತದೆ. ಹಾಗೆ ಸೋರಿದುದು ಮಾಯವಾಗುವುದಿಲ್ಲ. ಸುಮಾರು 137 ವ್ಯಾಟಿನ ಶಾಖವಾಗಿ ತಂತಿಯಲ್ಲಿಯೇ ಉಳಿಯುತ್ತದೆ. ಹಳೆಯ ಕಾಲದ 100 ವ್ಯಾಟಿನ ಬಲ್ಬು ಎಷ್ಟು ಸುಡುತ್ತಿತ್ತೆಂಬುದನ್ನು ಬಲ್ಲವರು ಇದನ್ನು ಊಹಿಸಬಲ್ಲರು. ಅದೇ ಕೆಲಸಕ್ಕೆ 25 ಚದರ ಮಿಲಿಮೀಟರಿನ ತಂತಿಯಾದರೆ ಸೋರಿಕೆ ಕಾಲು ವೋಲ್ಟಿನಷ್ಟು ಮಾತ್ರ. ಅಮೆರಿಕದ ಮೋಟಾರು ತಯಾರಕರು 1950ರ ದಶಕದಲ್ಲಿ 6 ವೋಲ್ಟಿನಿಂದ 12 ವೋಲ್ಟಿಗೆ ಏರಿದುದರ ಲಾಭವೂ ಈ ಲೆಕ್ಕದಲ್ಲಿಯೇ ಇದೆ: ವೋಲ್ಟು ಇಮ್ಮಡಿಯಾದರೆ ಆಂಪಿಯರ್ ಅರ್ಧವಾಗುತ್ತದೆ.

ಆ ದೇಶದಲ್ಲಿ ಬಡಗಿಗಳೂ ಗಾರೆ ಕೆಲಸದವರೂ ಪಿಕಪ್ ಗಾಡಿಯ ತೊಟ್ಟಿಯಿಂದಲೇ ಗರಗಸವನ್ನೂ ಡ್ರಿಲ್ಲನ್ನೂ ನಡೆಸುವುದುಂಟು. ಫೋರ್ಡ್ ಕಂಪನಿಯವರು 2021ರ ಎಫ್-150 ಹೈಬ್ರಿಡ್ ಗಾಡಿಯಲ್ಲಿ 7.2 ಕಿಲೋವ್ಯಾಟ್ ಒದಗಿಸುವ ಪ್ಲಗ್ಗುಗಳನ್ನು ತಾವೇ ಕೂಡಿಸಿಕೊಟ್ಟರು. ಆ ವರ್ಷದ ಫೆಬ್ರವರಿಯಲ್ಲಿ ಟೆಕ್ಸಾಸ್ ಪ್ರಾಂತದಲ್ಲಿ ಹಿಮಗಾಳಿಯಿಂದ ವಿದ್ಯುತ್ತು ನಿಂತಾಗ, ಇಂಥ ಗಾಡಿಗಳಿಂದ ಮನೆಯ ದೀಪ, ಹೀಟರು ನಡೆಸಿದವರಿದ್ದರು. ಇದನ್ನು ಓದಿ ನಮ್ಮವರು ಉಬ್ಬಬಾರದು. ಆ ಗಾಡಿಯಲ್ಲಿ ಅದಕ್ಕೆಂದೇ ದೊಡ್ಡ ಬ್ಯಾಟರಿ, ವಿದ್ಯುದ್ಯಂತ್ರ, ರಕ್ಷಣೆಯ ಏರ್ಪಾಡು ಎಲ್ಲವೂ ಇವೆ. ನಮ್ಮ ಟೆಂಪೋದಲ್ಲಿರುವುದು ಎಂಜಿನ್ ಎಬ್ಬಿಸುವುದಕ್ಕೆಂದು ಇಟ್ಟ ಬ್ಯಾಟರಿ ಮಾತ್ರ.

ಹಾಗಾದರೆ ಹಾಕಿಸುವ ಕ್ರಮವೇನು?

ಮೊದಲನೆಯದು ಫ್ಯೂಸು. ಅದು ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಇರತಕ್ಕದ್ದು. ತೊಟ್ಟಿಯಲ್ಲಿ, ಪ್ಲಗ್ಗಿನ ಪಕ್ಕದಲ್ಲಿ ಮಾತ್ರ ಫ್ಯೂಸು ಇಟ್ಟರೆ, ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿಗೆ ಕಾವಲುಗಾರನಿಲ್ಲ. ಫ್ಯೂಸು ಇರುವುದು ಮಿಕ್ಸರನ್ನು ಉಳಿಸುವುದಕ್ಕಲ್ಲ, ತಂತಿಯನ್ನು ಉಳಿಸುವುದಕ್ಕೆ. ಆದುದರಿಂದ ತಂತಿ ತಾಳಬಲ್ಲ ಆಂಪಿಯರಿಗಿಂತ ಫ್ಯೂಸಿನ ಅಂಕೆ ಕಡಿಮೆಯಿರಬೇಕು. ಅದು ಸುಟ್ಟಾಗ ತಾಮ್ರದ ಎಳೆ ಸುತ್ತಿ ಮುಂದುವರಿಯುವುದು ಆತ್ಮಹತ್ಯೆಗೆ ಸಮಾನ.

ಎರಡನೆಯದು ದಾರಿ. ತಂತಿಯು ತಗಡನ್ನು ತೂರುವಲ್ಲೆಲ್ಲ ರಬ್ಬರಿನ ಬಳೆ ಇರಬೇಕು, ಉಳಿದೆಡೆ ಸುರುಳಿ ಕೊಳವೆಯೊಳಗೆ ಸಾಗಬೇಕು, ಸೈಲೆನ್ಸರಿನಿಂದ ದೂರವಿರಬೇಕು, ಅಲುಗದಂತೆ ಹಿಡಿಕೆಗಳಿಂದ ಬಿಗಿದಿರಬೇಕು. ಋಣ ತಂತಿಯನ್ನು ತುಕ್ಕು ಹಿಡಿದ ಬಾಡಿಗೆ ಒಪ್ಪಿಸದೆ ಬ್ಯಾಟರಿಯ ಬಳಿಯಿಂದಲೇ ತರುವುದು ಉತ್ತಮ. ಕೆಲಸಕ್ಕೆ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ಕೊನೆಗೆ ಜೋಡಿಸುವುದೂ ಅದನ್ನೇ. ಆಗ ಸ್ಪ್ಯಾನರು ಬಾಡಿಗೆ ತಾಗಿದರೂ ಕಿಡಿ ಹಾರದು.

ಮೂರನೆಯದು ಇನ್ವರ್ಟರ್. ಇದು ಬ್ಯಾಟರಿಗೆ ಹತ್ತಿರವಿದ್ದಷ್ಟೂ ದಪ್ಪ ತಂತಿಯ ಉದ್ದ ಕಡಿಮೆ, ಖರ್ಚೂ ಕಡಿಮೆ. ಆದರೆ ಅದರಾಚೆ ಹರಿಯುವುದು 230 ವೋಲ್ಟು. ಅದು ಪ್ರಾಣ ತೆಗೆಯಬಲ್ಲದು. ನೀರು ಚೆಲ್ಲುವ ತೊಟ್ಟಿಯಲ್ಲಿ ಮುಚ್ಚಳವುಳ್ಳ, ಮಳೆ ತಡೆಯುವ ಪ್ಲಗ್ಗೇ ಆಗಬೇಕು. ಅರ್ಥಿಂಗ್ ಮತ್ತು ಸೋರಿಕೆ ತಡೆಯುವ ಸ್ವಿಚ್ಚಿನ ಜೋಡಣೆ ಪ್ರತಿಯೊಂದು ಇನ್ವರ್ಟರಿನಲ್ಲಿಯೂ ಬೇರೆಯಾದುದರಿಂದ, ಈ ಭಾಗವನ್ನು ಪರವಾನಗಿಯುಳ್ಳ ಇಲೆಕ್ಟ್ರೀಶಿಯನ್ನರಿಂದಲೇ, ಪೆಟ್ಟಿಗೆಯೊಡನೆ ಬಂದ ಪುಸ್ತಕದಂತೆಯೇ ಮಾಡಿಸತಕ್ಕದ್ದು.

ನಮ್ಮ ಕಸುಬಿನವರು ವಿಶೇಷವಾಗಿ ಗಮನಿಸಬೇಕಾದುದು ಗ್ಯಾಸು. ಅಡಿಗೆಯ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ತೊಟ್ಟಿಯ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಅಲ್ಲಿ ಪ್ಲಗ್ಗೋ ಇನ್ವರ್ಟರೋ ಇದ್ದರೆ ಒಂದು ಕಿಡಿ ಸಾಕು. ಪ್ಲಗ್ಗು, ಸ್ವಿಚ್ಚುಗಳು ಎತ್ತರದಲ್ಲಿಯೂ ಸಿಲಿಂಡರಿನಿಂದ ದೂರದಲ್ಲಿಯೂ ಇರಲಿ. ಇನ್ವರ್ಟರನ್ನು ಸಿಲಿಂಡರಿರುವ ತೊಟ್ಟಿಯಲ್ಲಿ ಇಡಲೇಕೂಡದು. ವಿದ್ಯುತ್ತಿನಿಂದಲೇ ಓಡುವ ಹೊಸ ಗಾಡಿಗಳನ್ನು ಕೊಂಡವರಂತೂ ಅದರ ದೊಡ್ಡ ಬ್ಯಾಟರಿಗೆ ಹೊರಗಿನವರ ಕೈ ಸೋಕಿಸಬಾರದು.

ಕಾನೂನಿನ ಮಾತೂ ಉಂಟು. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ತೊಟ್ಟಿಯನ್ನೇ ಅಡಿಗೆಮನೆಯಾಗಿಸುವವರು ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಬೇಕು, ಮಾಡಿಸಿದ ಕೆಲಸವನ್ನು ವಿಮೆಯವರಿಗೆ ಬರಹದ ಮೂಲಕ ತಿಳಿಸಬೇಕು. ಬೆಂಕಿ ಬಿದ್ದ ಮೇಲೆ ಕಾಗದ ಹುಡುಕಿ ಫಲವಿಲ್ಲ.

ಇಷ್ಟನ್ನೂ ಕೇಳಿ ನಮ್ಮ ಮಿತ್ರರ ಮುಖ ಬಾಡಿತು. "ಹಾಗಾದರೆ ನನ್ನಂಥವನಿಗೆ ಇದು ಆಗುವ ಹೋಗುವ ಮಾತಲ್ಲ, ಅಲ್ಲವೇ ಧಣಿಗಳೇ?" ಎಂದರು. ಹಾಗಲ್ಲವೆಂದು ಕಾಗದ ತೆಗೆದುಕೊಂಡು ಇಬ್ಬರೂ ಲೆಕ್ಕಕ್ಕೆ ಕುಳಿತೆವು.

12 ವೋಲ್ಟಿನಲ್ಲಿಯೇ ಉರಿಯುವ 9 ವ್ಯಾಟಿನ ಎಲ್.ಇ.ಡಿ. ದೀಪಗಳು ಪೇಟೆಯಲ್ಲಿ ದೊರೆಯುತ್ತವೆ. ಅವಕ್ಕೆ ಇನ್ವರ್ಟರೇ ಬೇಡ. ನಾಲ್ಕು ದೀಪಗಳಿಗೆ 36 ವ್ಯಾಟು, ಅಂದರೆ 3 ಆಂಪಿಯರ್. ನಮ್ಮನ್ನು ಕೆಡಿಸಿದ ಅದೇ 2.5 ಚದರ ಮಿಲಿಮೀಟರಿನ ತಂತಿ ಇಲ್ಲಿ ಧಾರಾಳವಾಗಿ ಸಾಕು. ಬ್ಯಾಟರಿಯ ಬಳಿ 5 ಆಂಪಿಯರಿನ ಫ್ಯೂಸು. ನಾಲ್ಕು ಗಂಟೆ ಉರಿದರೂ ಖರ್ಚಾಗುವುದು 12 ಆಂಪಿಯರ್-ಗಂಟೆ, 50ರ ಬ್ಯಾಟರಿಯಲ್ಲಿ ಕಾಲು ಭಾಗಕ್ಕೂ ಕಡಿಮೆ. ಬ್ಯಾಟರಿ ಸುಸ್ಥಿತಿಯಲ್ಲಿದ್ದರೆ ವ್ಯಾಪಾರ ಮುಗಿದ ಮೇಲೆ ಎಂಜಿನ್ ಎದ್ದೀತು. ಎಂಜಿನ್ ಎಬ್ಬಿಸುವ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯುಷ್ಯ ತೀರುತ್ತದೆಂಬುದನ್ನು ಮಾತ್ರ ಮರೆಯಬಾರದು.

ಮತ್ತು ಚಟ್ನಿ? ಅದನ್ನು ಮನೆಯಲ್ಲಿಯೇ ರುಬ್ಬಿ, ಒಗ್ಗರಣೆಯನ್ನು ಮಾತ್ರ ಗಾಡಿಯಲ್ಲಿ ಹಾಕುವುದೆಂದು ತೀರ್ಮಾನವಾಯಿತು. ವ್ಯಾಪಾರ ಬೆಳೆದು ಮಿಕ್ಸರ್ ಬೇಕೇ ಬೇಕೆಂದಾದಾಗ, ಬೇರೆಯದೇ ಬ್ಯಾಟರಿ, ದಪ್ಪ ತಂತಿ, ತಕ್ಕ ಫ್ಯೂಸು ಎಲ್ಲವನ್ನೂ ಒಟ್ಟಿಗೆ ಮಾಡಿಸಿದರಾಯಿತು.

ಮಿತ್ರರು ಏಳುವಾಗ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಗಾಡಿಯಲ್ಲಿ ಕೆಲಸಕ್ಕೆ ತಮ್ಮನ ಮಗನನ್ನು ಊರಿನಿಂದ ಕರೆಸುತ್ತಿದ್ದೇನೆ" ಎಂದರು. ಫ್ಯೂಸನ್ನು ತಾವೇ ಕಣ್ಣಾರೆ ನೋಡಿದ ಮೇಲೆಯೇ ಹುಡುಗನನ್ನು ತೊಟ್ಟಿಗೆ ಹತ್ತಿಸಬೇಕೆಂದು ಅವರಿಗೆ ಹೇಳಿ ಕಳುಹಿಸಿದೆವು. ಗಾಡಿಯಿಟ್ಟು ಬಾಳಬಯಸುವ ಎಲ್ಲ ಬಂಧುಗಳಿಗೂ ನಮ್ಮ ಬಿನ್ನಹವು ಇದೇ.