ಜೀವಿರೋಧಕ ಔಷಧಗಳ ಸೇವನಕ್ರಮ: ಕುರಿಗಾಹಿಗಳ ಜ್ವರದ ಒಂದು ನಿದರ್ಶನ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯನ್ನು ನಾಡಿನವರು ಗುರು ತಿಪ್ಪೇರುದ್ರಸ್ವಾಮಿಯ ರಥೋತ್ಸವದಿಂದ ಬಲ್ಲರು. ಅದರ ಸುತ್ತಣ ಸೀಮೆ ಮಳೆ ಕಡಮೆಯಾದ ಬಯಲು. ಬೇಸಾಯದೊಡನೆ ಕುರಿ ಮೇಕೆಗಳ ಸಾಕಣೆಯೂ ಇಲ್ಲಿ ಜೀವನಾಧಾರ. ಪಶುಗಳೊಡನೆ ಬಾಳುವವರಿಗೆ ಪಶುಗಳಿಂದ ಬರಬಹುದಾದ ರೋಗಗಳೂ ಉಂಟು. ಅವುಗಳಲ್ಲೊಂದನ್ನು ನಿದರ್ಶನವಾಗಿಟ್ಟುಕೊಂಡು, ವೈದ್ಯರು ಬರೆದುಕೊಟ್ಟ ಜೀವಿರೋಧಕವನ್ನು, ಎಂದರೆ ಆಂಟಿಬಯಾಟಿಕ್ ಔಷಧವನ್ನು, ಹೇಗೆ ಸೇವಿಸಬೇಕು, ಏಕೆ ಹಾಗೆ ಸೇವಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಗಬ್ಬದ ಕುರಿ ಮೇಕೆಗಳು ಕಂದು ಹಾಕುವುದಕ್ಕಿರುವ ಕಾರಣಗಳಲ್ಲಿ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯವೂ ಒಂದು. ಇದನ್ನು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ವೈದ್ಯರು ಮೊದಲು ಬೇರ್ಪಡಿಸಿದರು. ಮೇಕೆಗಳೇ ಈ ಸೋಂಕಿನ ನೆಲೆಯೆಂಬುದನ್ನು 1905ರಲ್ಲಿ ಅದೇ ದ್ವೀಪದ ಝಮಿಟ್ ಅವರು ತೋರಿಸಿಕೊಟ್ಟರು. ಕಾಯಿಸದ ಹಾಲನ್ನು ಕುಡಿಯುವುದರಿಂದಲೂ, ಈಯುವ ಕುರಿಯ ಮಾಸನ್ನು ಬರಿಗೈಯಿಂದ ಮುಟ್ಟುವುದರಿಂದಲೂ ಈ ಸೋಂಕು ಮನುಷ್ಯರಿಗೆ ತಗಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವು, ನಿಶ್ಶಕ್ತಿ ಇದರ ಲಕ್ಷಣಗಳು. ವಿಷಮಶೀತಜ್ವರ, ಕ್ಷಯಗಳಲ್ಲಿಯೂ ಇಂಥವೇ ಲಕ್ಷಣಗಳು ಕಾಣಬಹುದಾದುದರಿಂದ ರಕ್ತಪರೀಕ್ಷೆಯಿಲ್ಲದೆ ಊಹೆಯಿಂದ ಔಷಧ ತೆಗೆದುಕೊಳ್ಳುವುದು ಯುಕ್ತವಲ್ಲ.

ಈ ರೋಗಕ್ಕೆ ಸಾಮಾನ್ಯವಾಗಿ ಎರಡು ಔಷಧಗಳನ್ನು ಕೂಡಿಸಿ ಕೊಡುತ್ತಾರೆ: ಡಾಕ್ಸಿಸೈಕ್ಲಿನ್ ಮತ್ತು ಅದರೊಡನೆ ರಿಫಾಂಪಿಸಿನ್ ಅಥವಾ ಸ್ಟ್ರೆಪ್ಟೊಮೈಸಿನ್. ಡಾಕ್ಸಿಸೈಕ್ಲಿನ್ ಸೇವನೆ ಸುಮಾರು 6 ವಾರ ನಡೆಯುತ್ತದೆ. ಜ್ವರವಾದರೋ ಕೆಲವೇ ದಿನಗಳಲ್ಲಿ ಇಳಿಯಬಹುದು. ತೊಡಕು ಹುಟ್ಟುವುದು ಇಲ್ಲಿಯೇ. ಬ್ರುಸೆಲ್ಲಾ ನಮ್ಮ ದೇಹದ ಜೀವಕೋಶಗಳ ಒಳಹೊಕ್ಕು ಬದುಕುವ ಜೀವಿ. ಜ್ವರ ಇಳಿದ ಮಾತ್ರಕ್ಕೆ ಅದು ಅಳಿಯಿತೆಂದು ತಿಳಿಯಲಾಗದು. ನಡುವೆ ನಿಲ್ಲಿಸಿದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ಎಲ್ಲ ರೋಗಗಳಿಗೂ ಇಷ್ಟು ದೀರ್ಘಾವಧಿ ಬೇಕೆಂದಲ್ಲ. ಕೆಲವು ಸೋಂಕುಗಳಿಗೆ 5 ದಿನಗಳೇ ಸಾಕು. ಅವಧಿಯನ್ನು ರೋಗವನ್ನು ನೋಡಿ ವೈದ್ಯರು ಗೊತ್ತುಮಾಡಬೇಕೇ ಹೊರತು, ಮೈ ಹಗುರವಾಯಿತೆಂದು ರೋಗಿಯಲ್ಲ.

ಸೇವನೆಯ ಕ್ರಮವೂ ಗಮನಾರ್ಹವಾದುದು. ಡಾಕ್ಸಿಸೈಕ್ಲಿನ್ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾಗುತ್ತದೆ. ಆದುದರಿಂದ ಒಂದು ಲೋಟ ತುಂಬ ನೀರಿನೊಡನೆ ಕುಳಿತೋ ನಿಂತೋ ನುಂಗಬೇಕು, ಕೂಡಲೇ ಮಲಗಬಾರದು. ಕಬ್ಬಿಣಾಂಶದ ಮಾತ್ರೆ, ಆಮ್ಲಶಾಮಕಗಳು ಇದನ್ನು ರಕ್ತಕ್ಕೆ ಸೇರಗೊಡುವುದಿಲ್ಲ. ಅವುಗಳ ವೇಳೆಯನ್ನು ಬೇರೆಯಾಗಿಡಬೇಕು. ಈ ಔಷಧದಿಂದ ಚರ್ಮ ಬಿಸಿಲಿಗೆ ಬೇಗ ಕಂದುತ್ತದೆ. ದಿನವೆಲ್ಲ ಬಯಲಿನಲ್ಲಿ ಕುರಿ ಮೇಯಿಸುವವರು ತಲೆಗೆ ರುಮಾಲು, ತುಂಬುತೋಳಿನ ಅಂಗಿ ಧರಿಸುವುದು ಲೇಸು. ರಿಫಾಂಪಿಸಿನ್ ಸೇವಿಸುವಾಗ ಮೂತ್ರ ಕೆಂಪಡರುತ್ತದೆ; ಅದಕ್ಕೆ ಹೆದರಿ ಔಷಧ ಬಿಡಬೇಕಾದುದಿಲ್ಲ. ಮೈಮೇಲೆ ದದ್ದು, ಮುಖದ ಊತ, ಉಸಿರಾಟದ ತೊಂದರೆ, ಕಣ್ಣು ಹಳದಿಯಾಗುವುದು ಕಂಡರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಗರ್ಭಿಣಿಯರೂ ಚಿಕ್ಕ ಮಕ್ಕಳ ತಾಯಂದಿರೂ ಆ ವಿಷಯವನ್ನು ಮೊದಲೇ ತಿಳಿಸಬೇಕು. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡನ್ನು ನುಂಗಕೂಡದು.

ಒಬ್ಬರಿಗೆ ಬರೆದುಕೊಟ್ಟುದನ್ನು ಮತ್ತೊಬ್ಬರು ಸೇವಿಸುವುದು, ಉಳಿದ ಮಾತ್ರೆಗಳನ್ನು ಮುಂದಿನ ಜ್ವರಕ್ಕೆಂದು ಕಟ್ಟಿಡುವುದು, ಕುರಿಗೆ ತಂದ ಔಷಧವನ್ನು ಮನುಷ್ಯರು ಬಳಸುವುದು, ಇವೆಲ್ಲವೂ ತಪ್ಪು. ಅನಗತ್ಯವಾದ ಬಳಕೆಯಿಂದಲೂ ಅರೆಕೊರೆಯಾದ ಬಳಕೆಯಿಂದಲೂ ಬಲಹೀನ ಜೀವಿಗಳು ಸತ್ತು, ಔಷಧಕ್ಕೆ ಮಣಿಯದವು ಉಳಿದು ಹೆಚ್ಚುತ್ತವೆ. ರಿಫಾಂಪಿಸಿನ್ ಕ್ಷಯಕ್ಕೂ ಮುಖ್ಯವಾದ ಔಷಧವಾದುದರಿಂದ, ಅದರ ದುರ್ಬಳಕೆಯ ಹಾನಿ ಒಂದು ರೋಗಕ್ಕೆ ಸೀಮಿತವಾಗಿ ನಿಲ್ಲುವುದಿಲ್ಲ. ಇಂಥ ಕೆಲವು ಔಷಧಗಳ ಮಾರಾಟಕ್ಕೆ ವೈದ್ಯರ ಚೀಟಿಯಲ್ಲದೆ, ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ಬರೆದು 3 ವರ್ಷ ಕಾಪಾಡಬೇಕೆಂಬ ನಿಯಮವೂ 2014ರ ಮಾರ್ಚಿಯಿಂದ ಜಾರಿಯಲ್ಲಿದೆ.

ಆದರೆ ನಿಯಮ ಅಂಗಡಿಯ ಬಾಗಿಲವರೆಗೆ ಮಾತ್ರ ಬರಬಲ್ಲುದು. ಮನೆಯೊಳಗೆ 6 ವಾರ ಔಷಧ ಸಾಗಬೇಕಾದರೆ ಅದರ ಕಾರಣವನ್ನು ರೋಗಿ ಅರಿತಿರಬೇಕು. ಈ ಸೀಮೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರಿಗೆ ವೈದ್ಯರ ಚೀಟಿಯನ್ನು ಓದಿ ಹೇಳಿ, ಮಾತ್ರೆಗಳ ಲೆಕ್ಕವನ್ನಿಟ್ಟರೆ, ತಾವು ಕಲಿತ ವಿಜ್ಞಾನ ಮನೆಗೂ ಉಪಯೋಗವಾಯಿತೆಂದು ನಾವು ಭಾವಿಸುತ್ತೇವೆ.