ಮುಳುಗುವವರ ಉಸಿರು

ಅಥಣಿ, ರಾಯಬಾಗಗಳಿಗೆ ಹೆಚ್ಚು ದೂರವಲ್ಲದ ಮುಧೋಳದವನು ಕವಿ ರನ್ನ. ಅವನ ಗದಾಯುದ್ಧದಲ್ಲಿ ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿರುತ್ತಾನೆ. ಭೀಮನ ಗರ್ಜನೆ ಕಿವಿಗೆ ಬಿದ್ದೊಡನೆ ಅವನ ಮೈ ಬೆವರಿತೆಂದು ಕವಿ ವರ್ಣಿಸುತ್ತಾನೆ. ಕಾವ್ಯಕ್ಕೆ ಇದು ಸೊಗಸು. ಮಂತ್ರ ಬಾರದ ನಮ್ಮಂಥವರಿಗೆ ಆಗುವುದು ಇದಕ್ಕೆ ವಿರುದ್ಧ. ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ನೀರು ಮೈಯ ಶಾಖವನ್ನು ಸೆಳೆಯುತ್ತದೆ. ಅದಕ್ಕೂ ಮೊದಲು ತಣ್ಣೀರು ಕೈಹಾಕುವುದು ಉಸಿರಿಗೆ. ಈ ಉಸಿರಿನ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಡಲಿಲ್ಲದ ಸೀಮೆ ನಮ್ಮದು, ಇಲ್ಲಿ ಈ ಮಾತೇಕೆ ಎಂದು ತಾವು ಕೇಳಬಹುದು. ಚಿಕ್ಕೋಡಿ, ಕಾಗವಾಡಗಳ ಹುಡುಗರು ಈಸು ಕಲಿತದ್ದು ಕೃಷ್ಣೆಯಲ್ಲಿ, ದೂಧಗಂಗೆಯಲ್ಲಿ, ತೋಟದ ಬಾವಿಗಳಲ್ಲಿ. ಇಂದಿನ ತರುಣರು ನಿಪ್ಪಾಣಿಯಿಂದ ಘಟ್ಟವಿಳಿದು ಮಾಲವಣಕ್ಕೆ, ತಾರ್ಕರ್ಲಿಗೆ, ಇಲ್ಲವೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಹೋಗಿ, ಗಾಜಿನ ಮುಖವಾಡ ಕಟ್ಟಿ, ಸ್ನಾರ್ಕೆಲ್ ಎಂಬ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು ಮೀನು, ಹವಳಗಳನ್ನು ನೋಡಿ ಬರುತ್ತಾರೆ. ಆ ನೀರು ಬೆಚ್ಚಗಿನದು. ಆದರೆ ಉದ್ಯೋಗಕ್ಕೆಂದು ಇಂಗ್ಲೆಂಡಿಗೆ ಹೋದ ಕನ್ನಡಿಗರ ಮಕ್ಕಳು ಕಾರ್ನ್‌ವಾಲಿನ ದಂಡೆಯಿಂದ ಕಡಲಿಗಿಳಿದರೆ, ಅಲ್ಲಿ ಬೇಸಗೆಯಲ್ಲೂ ನೀರು 16–17 ಡಿಗ್ರಿ, ಚಳಿಗಾಲದಲ್ಲಿ 10ರ ಆಸುಪಾಸು.

ಮುಖವಾಡದ ಕೆಲಸ ಸರಳ. ಕಣ್ಣಿಗೆ ನೀರು ತಾಗಿದರೆ ನೋಟ ಮಸುಕಾಗುತ್ತದೆ. ಗಾಜಿನ ಹಿಂದೆ ಒಂದಿಷ್ಟು ಗಾಳಿಯಿದ್ದರೆ ತಿಳಿಯಾಗುತ್ತದೆ. ಆದರೆ ಮೀನು ಇದ್ದುದಕ್ಕಿಂತ ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಮಾಲವಣದಿಂದ ಮರಳಿದವರ ಕಥೆಗಳಲ್ಲಿ ಅಷ್ಟನ್ನು ಕಳೆದು ಕೇಳುವುದು ಲೇಸು! ಕೊಳವೆಯ ವಿಚಾರ ಇಷ್ಟು ಸುಲಭವಲ್ಲ. ಕೆರೆಯ ತಳದಲ್ಲಿ ಕುಳಿತು ತಾವರೆಯ ದಂಟಿನಿಂದ ಉಸಿರಾಡಿದ ವೀರರ ಕಥೆಗಳುಂಟು. ಅದು ಆಗದ ಮಾತು. ಒಂದು ಮೀಟರು ಆಳದಲ್ಲಿಯೇ ಎದೆಯನ್ನು ಒತ್ತುವ ನೀರಿನ ಭಾರಕ್ಕೆದುರಾಗಿ ಮೇಲಿನ ಗಾಳಿಯನ್ನು ಎಳೆದುಕೊಳ್ಳಲು ನಮ್ಮ ಸ್ನಾಯುಗಳು ಸೋಲುತ್ತವೆ. ಕೊಳವೆ ಉದ್ದವಾದಷ್ಟೂ ಬಿಟ್ಟ ಉಸಿರೇ ಮರಳಿ ಬರುತ್ತದೆ. ಸ್ನಾರ್ಕೆಲ್ ಒಂದು ಮೊಳಕ್ಕಿಂತ ಗಿಡ್ಡವಾಗಿರುವುದು ಇದಕ್ಕಾಗಿಯೇ. ಅದು ಮೇಲೆ ತೇಲುತ್ತ ಕೆಳಗೆ ನೋಡುವವನ ಸಾಧನ. ಕೆಳಗಿಳಿಯುವವನು ತನ್ನ ಎದೆಯಲ್ಲಿದ್ದ ಉಸಿರನ್ನೇ ನಂಬಬೇಕು.

ನೀರು 15 ಡಿಗ್ರಿಗಿಂತ ತಣ್ಣಗಿದ್ದು ಅದರೊಳಗೆ ಒಮ್ಮೆಲೆ ಧುಮುಕಿದರೆ, ಮನಸ್ಸು ಬೇಡವೆಂದರೂ ಎದೆ ತಾನಾಗಿ ಬಾಯ್ದೆರೆದು ಗಾಳಿಯನ್ನು ಎಳೆಯುತ್ತದೆ. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಒಳಗೆ ಹೋಗುವುದು ನೀರೇ. ಬಳಿಕ ಒಂದೆರಡು ನಿಮಿಷ ಉಸಿರು ಅಂಕೆಗೆ ಸಿಗದೆ ಏದುತ್ತದೆ. ಈಸು ಬಲ್ಲವರೂ ದಂಡೆಯ ಹತ್ತಿರವೇ ಮುಳುಗುವುದಕ್ಕೆ ಇದೊಂದು ಮುಖ್ಯ ಕಾರಣ. ಆದುದರಿಂದ ದಂಡೆಯಿಂದ ನಡೆದುಕೊಂಡೇ ಇಳಿಯಬೇಕು. ಸೊಂಟದ ಮಟ್ಟದಲ್ಲಿ ನಿಂತು, ಮುಖಕ್ಕೆ, ಕತ್ತಿಗೆ ನೀರೆರಚಿಕೊಂಡು, ಉಸಿರು ಹದಕ್ಕೆ ಬಂದ ಮೇಲೆಯೇ ಮೈಚಾಚಬೇಕು. 1950ರ ದಶಕದ ಆರಂಭದಲ್ಲಿ ಅಮೆರಿಕದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ರೂಪಿಸಿದ ರಬ್ಬರಿನ ಈಜುಡುಗೆ ಮೈಯ ಶಾಖವನ್ನು ಬಹಳಷ್ಟು ಕಾಯುತ್ತದೆ. ಅದನ್ನು ತೊಟ್ಟವರಿಗೂ ಇದೇ ಕ್ರಮ ಹಿತ.

ಕೊರಿಯದ ಜೇಜು ದ್ವೀಪದ ಹೆಂಗಸರು ಚಿಪ್ಪುಜೀವಿ, ಕಡಲಪಾಚಿಗಳಿಗಾಗಿ ಮುಳುಗುವುದನ್ನೇ ಜೀವನೋಪಾಯ ಮಾಡಿಕೊಂಡವರು. 1970ರ ದಶಕದವರೆಗೆ ಅವರು ತೊಡುತ್ತಿದ್ದುದು ಬರಿಯ ಹತ್ತಿಯ ಬಟ್ಟೆ; ಚಳಿಗಾಲದಲ್ಲೂ ಇಳಿಯುತ್ತಿದ್ದರು, ಆದರೆ ಸ್ವಲ್ಪ ಹೊತ್ತಿಗೇ ಹೊರಬಂದು ಬೆಂಕಿಯ ಸುತ್ತ ಕುಳಿತು ಮೈ ಕಾಸಿಕೊಳ್ಳುತ್ತಿದ್ದರು. 1960ರ ದಶಕದಲ್ಲಿ ಹಾಂಗ್, ರಾನ್ ಮೊದಲಾದ ವಿಜ್ಞಾನಿಗಳು ಇವರ ದೇಹಧರ್ಮವನ್ನು ಅಭ್ಯಸಿಸಿದರು. 2016ರಲ್ಲಿ ಯುನೆಸ್ಕೊ ಈ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿತು. ಮೇಲೆ ಬಂದೊಡನೆ ಅವರು ಸಿಳ್ಳಿನಂಥ ದನಿಯಲ್ಲಿ ಉಸಿರು ಬಿಡುತ್ತಾರೆ. ಒಟ್ಟಿಗೆ ಇಳಿಯುವುದು ಅವರ ವಾಡಿಕೆ. ಒಬ್ಬಳ ಸಿಳ್ಳು ಮತ್ತೊಬ್ಬಳಿಗೆ ಕೇಳಿಸುತ್ತಿರುತ್ತದೆ.

ನಮ್ಮ ಬಾವಿಗಳಲ್ಲಿ ನಡೆಯುವುದು ಬೇರೆ. ಯಾರು ಹೆಚ್ಚು ಹೊತ್ತು ಮುಳುಗಿರುವರೆಂಬ ಪಂದ್ಯ ಕಟ್ಟಿ, ಹುಡುಗರು ಮೊದಲು ಹತ್ತಿಪ್ಪತ್ತು ಬಾರಿ ರಭಸದಿಂದ ಉಸಿರಾಡುತ್ತಾರೆ. ಇದರಿಂದ ಪ್ರಾಣವಾಯುವಿನ ಸಂಗ್ರಹ ಅಷ್ಟೇನೂ ಹೆಚ್ಚುವುದಿಲ್ಲ; ರಕ್ತದಲ್ಲಿನ ಇಂಗಾಲಾಮ್ಲ ಮಾತ್ರ ಕಡಿಮೆಯಾಗುತ್ತದೆ. ಉಸಿರು ಬೇಕೆಂದು ದೇಹ ಕೂಗುವುದು ಮುಖ್ಯವಾಗಿ ಆ ಇಂಗಾಲಾಮ್ಲ ಏರಿದಾಗ. ಕೂಗು ತಡವಾಗುತ್ತದೆ, ಅಷ್ಟರೊಳಗೆ ಪ್ರಾಣವಾಯು ತೀರಿ ಎಚ್ಚರ ತಪ್ಪುತ್ತದೆ. ಒದ್ದಾಟವಿಲ್ಲ, ಕೂಗಿಲ್ಲ, ಮೇಲೆ ನಿಂತವರು ಹುಡುಗ ಪಂದ್ಯ ಗೆಲ್ಲುತ್ತಿದ್ದಾನೆಂದೇ ಎಣಿಸುತ್ತಿರುತ್ತಾರೆ. ಈ ಪಂದ್ಯವನ್ನು ನಮ್ಮ ಊರುಗಳಲ್ಲಿ ನಿಲ್ಲಿಸಲೇಬೇಕು.

ಎರಡು ಮೂರು ಮೀಟರು ಆಳದಲ್ಲಿ ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲನೆ ಊದಬೇಕು. ನೆಗಡಿಯಿದ್ದ ದಿನ ಇಳಿಯಬಾರದು. ಜೊತೆಗಾರನಿಲ್ಲದೆ ಯಾವ ದಿನವೂ ಇಳಿಯಬಾರದು. ಒಬ್ಬನು ಮುಳುಗಿದಾಗ ಮತ್ತೊಬ್ಬನು ಮೇಲಿರಲಿ. ಅವನು ತಲೆಯೆತ್ತಿ ನಕ್ಕರೂ ಅರ್ಧ ನಿಮಿಷ ಅವನ ಮೇಲಿನ ಕಣ್ಣು ತೆಗೆಯದಿರಲಿ. ಎಚ್ಚರ ತಪ್ಪುವುದು ಎಷ್ಟೋ ಸಲ ಮೇಲೆ ಬಂದ ಬಳಿಕವೇ.