ಕ್ಯಾಲೊರಿಗೆ ಸೂರು, ಪ್ರೊಟೀನ್‌ಗೆ ನೆಲ

ರಾತ್ರಿ ಎಂಟೂವರೆ. ಮೊಬೈಲ್‌ನಲ್ಲಿ ಡಯಟ್ ಆ್ಯಪ್ ತೆಗೆದು ನೋಡಿದರೆ ಇವತ್ತಿಗೆ ಇನ್ನು 250 ಕ್ಯಾಲೊರಿ ಮಾತ್ರ ಬಾಕಿ. ಪ್ರೊಟೀನ್ ಮಾತ್ರ ಇನ್ನೂ 38 ಗ್ರಾಂ ಬಾಕಿ. ಅಡುಗೆಮನೆಯಲ್ಲಿ ಇರೋದು ಅನ್ನ, ತಿಳಿಸಾರು, ಬೀನ್ಸ್ ಪಲ್ಯ. ಕ್ಯಾಲೊರಿ ಗುರಿ ಉಳಿಸಿಕೊಂಡರೆ ಪ್ರೊಟೀನ್ ಗುರಿ ತಪ್ಪುತ್ತೆ, ಪ್ರೊಟೀನ್ ಮುಟ್ಟೋಕೆ ಹೋದರೆ ಕ್ಯಾಲೊರಿ ಮೀರುತ್ತೆ. ತೂಕ ಇಳಿಸಲು ಹೊರಟ ಬಹುಪಾಲು ಜನ ಎರಡನೇ ವಾರದಲ್ಲಿ ಕೈಚೆಲ್ಲೋದು ಈ ಜಾಗದಲ್ಲೇ. ‘ನಮ್ಮ ಮನೆ ಊಟಕ್ಕೆ ಇದೆಲ್ಲ ಆಗಲ್ಲ ಬಿಡಿ’ ಅನ್ನೋ ತೀರ್ಮಾನಕ್ಕೂ ಬರ್ತಾರೆ.

ಆಗುತ್ತೆ. ಆದರೆ ರಾತ್ರಿ ಎಂಟೂವರೆಗೆ ಅಲ್ಲ, ಬೆಳಗ್ಗೆ ತಿಂಡಿಯ ಹೊತ್ತಿಗೇ ಶುರುವಾಗಬೇಕು. ಅದಕ್ಕೂ ಮೊದಲು ಆ್ಯಪ್ ತೋರಿಸುವ ನಾಲ್ಕು ಸಂಖ್ಯೆಗಳಲ್ಲಿ ಯಾವುದು ಮುಖ್ಯ, ಯಾವುದು ಅಲ್ಲ ಅಂತ ತಿಳಿದಿರಬೇಕು.

ನಾಲ್ಕಲ್ಲ, ಮೂರೇ ಸಂಖ್ಯೆ

ಒಂದು ಗ್ರಾಂ ಪ್ರೊಟೀನ್‌ಗೆ 4 ಕ್ಯಾಲೊರಿ, ಕಾರ್ಬೋಹೈಡ್ರೇಟ್‌ಗೆ 4, ಕೊಬ್ಬಿಗೆ 9. ಅಮೆರಿಕದ ವಿಜ್ಞಾನಿ ವಿಲ್ಬರ್ ಆಟ್‌ವಾಟರ್ 19ನೇ ಶತಮಾನದ ಕೊನೆಯಲ್ಲಿ ನಡೆಸಿದ ಪ್ರಯೋಗಗಳಿಂದ ಬಂದ ಈ ಲೆಕ್ಕವನ್ನೇ ಇವತ್ತಿಗೂ ಎಲ್ಲ ಆ್ಯಪ್‌ಗಳು, ಬಿಸ್ಕತ್ ಪ್ಯಾಕೆಟ್‌ಗಳು ಬಳಸುತ್ತವೆ.

ಅಂದರೆ ಪ್ರೊಟೀನ್, ಕಾರ್ಬ್, ಕೊಬ್ಬು ಮೂರನ್ನೂ ನಿಗದಿ ಮಾಡಿದ ಕೂಡಲೇ ಕ್ಯಾಲೊರಿ ತಾನಾಗಿಯೇ ನಿಗದಿಯಾಗಿಬಿಡುತ್ತೆ. ಅದು ನಾಲ್ಕನೇ ಗುರಿ ಅಲ್ಲ, ಉಳಿದ ಮೂರರ ಮೊತ್ತ. ನಾಲ್ಕನ್ನೂ ಚುಕ್ಕಿಗೆ ಚುಕ್ಕಿ ಮುಟ್ಟಬೇಕು ಅಂತ ಹೊರಟರೆ ದಿನಾ ಸೋಲೋದೇ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ಕಥೆ: ಎಲ್ಲ ಷರತ್ತೂ ‘ಕಡ್ಡಾಯ’ ಅಂತ ಬರೆದರೆ ಯಾವ ಪ್ರಾಜೆಕ್ಟೂ ಮುಗಿಯಲ್ಲ. ಯಾವುದು ಕಡ್ಡಾಯ, ಯಾವುದು ಹೊಂದಾಣಿಕೆ ಅಂತ ಮೊದಲು ಬೇರ್ಪಡಿಸಬೇಕು.

ಊಟಕ್ಕೆ ಆ ಬೇರ್ಪಡಿಕೆ ಹೀಗೆ ಮಾಡಬಹುದು:

ಕ್ಯಾಲೊರಿ ಒಂದು ಸೂರು. ಅದರ ಕೆಳಗೆ ಇದ್ದರೆ ಸಾಕು.

ಪ್ರೊಟೀನ್ ಒಂದು ನೆಲ. ಅದಕ್ಕಿಂತ ಕೆಳಗೆ ಇಳಿಯಬಾರದು.

ಕೊಬ್ಬಿಗೂ ಒಂದು ಸಣ್ಣ ನೆಲ ಉಂಟು. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತೋಕೆ ಕೊಬ್ಬು ಬೇಕೇ ಬೇಕು. ಒಟ್ಟು ಕ್ಯಾಲೊರಿಯ ಕಾಲುಭಾಗದಷ್ಟು ಕೊಬ್ಬಿನಿಂದ ಬಂದರೆ ಸಾಕಷ್ಟಾಯಿತು.

ಕಾರ್ಬೋಹೈಡ್ರೇಟ್ ಉಳಿದ ಜಾಗ. ಅನ್ನ, ಮುದ್ದೆ, ಚಪಾತಿ ಯಾವುದೂ ಖಳನಾಯಕ ಅಲ್ಲ. ಮೇಲಿನ ಮೂರು ಕೂತ ಮೇಲೆ ಎಷ್ಟು ಜಾಗ ಮಿಕ್ಕಿದೆಯೋ ಅಷ್ಟು ತಿನ್ನಿ.

ನೆಲ ಯಾಕೆ ಬೇಕು?

ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ಸ್ನಾಯು ಯಾವುದು ಗೊತ್ತಾಗಲ್ಲ. ಮೈಗೆ ಬೇಕಾದ್ದಕ್ಕಿಂತ ಕಡಿಮೆ ತಿಂದಾಗ ದೇಹ ಕೊರತೆಯನ್ನು ಕೊಬ್ಬಿನಿಂದ ತುಂಬಿಸಿಕೊಳ್ಳುತ್ತೆ, ಜೊತೆಗೆ ಸ್ನಾಯುವಿನಿಂದಲೂ ಒಂದಿಷ್ಟು ಎತ್ತಿಕೊಳ್ಳುತ್ತೆ. ಪ್ರೊಟೀನ್ ಕಡಿಮೆಯಾದಷ್ಟೂ, ವ್ಯಾಯಾಮ ಇಲ್ಲದಷ್ಟೂ ಸ್ನಾಯುವಿನ ಪಾಲು ಜಾಸ್ತಿ. ಐದು ಕೆ.ಜಿ. ಇಳಿದೆ ಅಂತ ಖುಷಿಪಡುವಾಗ ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತಿದ್ದರೆ ಇಳಿದದ್ದು ಏನು ಅಂತ ಯೋಚಿಸಬೇಕಾಗುತ್ತೆ. ಮೂವತ್ತರ ನಂತರ ಸ್ನಾಯು ಹೇಗೂ ನಿಧಾನಕ್ಕೆ ಕರಗುತ್ತಾ ಹೋಗುತ್ತೆ, ನಾವೇ ಅದನ್ನು ಬೇಗ ಮಾಡೋದು ಬೇಡ.

ಪ್ರೊಟೀನ್‌ಗೆ ಇನ್ನೆರಡು ಅನುಕೂಲ ಇವೆ. ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತೆ. ಅದನ್ನು ಜೀರ್ಣ ಮಾಡೋಕೇ ಅದರ ಕ್ಯಾಲೊರಿಯ 20ರಿಂದ 30 ಪರ್ಸೆಂಟ್ ಖರ್ಚಾಗುತ್ತೆ.

ಎಷ್ಟು ಬೇಕು? ಹೈದರಾಬಾದ್‌ನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2020ರಲ್ಲಿ ಆರೋಗ್ಯವಂತ ವಯಸ್ಕರಿಗೆ ಹೇಳಿದ್ದು ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. ಅದು ತೂಕ ಇಳಿಸದೆ ಇರುವವರ ಲೆಕ್ಕ. ಇಳಿಸುವಾಗ ಸಾಮಾನ್ಯವಾಗಿ 1.2ರ ಆಸುಪಾಸು, ಜಿಮ್‌ನಲ್ಲಿ ಭಾರ ಎತ್ತುವವರಿಗೆ 1.6ರವರೆಗೆ ಇಟ್ಟುಕೊಳ್ಳುತ್ತಾರೆ.

ಒಂದು ಲೆಕ್ಕ ಮಾಡೋಣ

30 ವರ್ಷದ ಹೆಣ್ಣುಮಗಳು, ತೂಕ 65 ಕೆ.ಜಿ., ಎತ್ತರ 158 ಸೆಂ.ಮೀ., ಸಸ್ಯಾಹಾರಿ, ಕಂಪ್ಯೂಟರ್ ಮುಂದೆ ಕೆಲಸ, ಸಂಜೆ ಒಂದಿಷ್ಟು ವಾಕಿಂಗ್ ಅಂತ ಇಟ್ಟುಕೊಳ್ಳಿ. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯರ್ ಸೂತ್ರದ ಪ್ರಕಾರ ಸುಮ್ಮನೆ ಮಲಗಿದ್ದರೂ ಇವರಿಗೆ ಸುಮಾರು 1325 ಕ್ಯಾಲೊರಿ ಬೇಕು. ಓಡಾಟ ಸೇರಿಸಿದರೆ ಸುಮಾರು 1825. ಅದರಲ್ಲಿ 375 ಕಡಿಮೆ ಮಾಡಿದರೆ ಸೂರು 1450ಕ್ಕೆ ಬಂತು.

ಪ್ರೊಟೀನ್ ನೆಲ 75 ಗ್ರಾಂ, ಅಂದರೆ 300 ಕ್ಯಾಲೊರಿ. ಕೊಬ್ಬು 45 ಗ್ರಾಂ, ಅಂದರೆ 405. ಉಳಿದದ್ದು 745 ಕ್ಯಾಲೊರಿ, ಅಂದರೆ ಸುಮಾರು 185 ಗ್ರಾಂ ಕಾರ್ಬ್. ಪೇಪರ್ ಮೇಲೆ ಸುಲಭ. ತಟ್ಟೆಯಲ್ಲಿ ಹೇಗೆ?

ಮೊದಲು ಮಾಮೂಲಿ ದಿನ ನೋಡಿ. ಸಕ್ಕರೆ ಹಾಕಿದ ಎರಡು ಕಾಫಿ. ತಿಂಡಿಗೆ 60 ಗ್ರಾಂ ರವೆಯ ಉಪ್ಪಿಟ್ಟು. ಮಧ್ಯಾಹ್ನ 90 ಗ್ರಾಂ ಅಕ್ಕಿಯ ಅನ್ನ, ಬೇಳೆ ಸಾರು, ಕಾಯಿ ಹಾಕಿದ ಪಲ್ಯ. ಸಂಜೆ ನಾಲ್ಕು ಬಿಸ್ಕತ್. ರಾತ್ರಿ ಮೂರು ಚಪಾತಿ, ತರಕಾರಿ ಪಲ್ಯ, ಮಜ್ಜಿಗೆ. ಒಟ್ಟು ಸುಮಾರು 1485 ಕ್ಯಾಲೊರಿ. ಸೂರಿನ ಹತ್ತಿರವೇ ಇದೆ. ಆದರೆ ಪ್ರೊಟೀನ್? ಸುಮಾರು 40 ಗ್ರಾಂ. ತೂಕ ಇಳಿಸದವರಿಗೆ ಹೇಳಿದ 54 ಗ್ರಾಂ ಕೂಡ ಮುಟ್ಟಲಿಲ್ಲ. ಅತಿ ತಿಂದದ್ದು ಏನೂ ಇಲ್ಲ, ಜಂಕ್ ಫುಡ್ಡೂ ಇಲ್ಲ, ಆದರೂ ಅರ್ಧಕ್ಕೇ ನಿಂತಿತು. ಊಟ ಕಡಿಮೆ ಮಾಡುತ್ತಾ ಹೋದಷ್ಟೂ ಈ ಕೊರತೆ ಬೆಳೆಯುತ್ತೆ. ಚಿಕ್ಕ ಮೈಕಟ್ಟಿನವರಿಗೆ, ಅದರಲ್ಲೂ ಸಸ್ಯಾಹಾರಿ ಹೆಣ್ಣುಮಕ್ಕಳಿಗೆ ಇದು ಹೆಚ್ಚು ಬಿಗಿ. ಅವರ ಸೂರೇ ಕೆಳಗಿರುತ್ತೆ.

ನೂರು ಕ್ಯಾಲೊರಿಗೆ ಎಷ್ಟು?

75 ಗ್ರಾಂ ಪ್ರೊಟೀನನ್ನು 1450 ಕ್ಯಾಲೊರಿಯಲ್ಲಿ ಹಿಡಿಸಬೇಕು ಅಂದರೆ ಪ್ರತಿ 100 ಕ್ಯಾಲೊರಿಗೆ ಸರಾಸರಿ 5 ಗ್ರಾಂಗಿಂತ ತುಸು ಹೆಚ್ಚು ಬರಬೇಕು. ಈ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ. ಇನ್ನು ಯಾವ ಪದಾರ್ಥ ಆ ಸರಾಸರಿಯನ್ನು ಎತ್ತುತ್ತೆ, ಯಾವುದು ಇಳಿಸುತ್ತೆ ಅಂತ ನೋಡೋಣ. 100 ಕ್ಯಾಲೊರಿಯಷ್ಟು ತಿಂದರೆ ಸಿಗುವ ಪ್ರೊಟೀನ್ ಅಂದಾಜು ಹೀಗಿದೆ:

ಅಕ್ಕಿ, ರಾಗಿ – ತಲಾ 2 ಗ್ರಾಂ
ಬಾದಾಮಿ – 3 ಗ್ರಾಂ
ಗೋಧಿ ಹಿಟ್ಟು – 3ರಿಂದ 3.5 ಗ್ರಾಂ
ಶೇಂಗಾ, ಗಟ್ಟಿ ಹಾಲು – 4.5 ಗ್ರಾಂ
ತೊಗರಿಬೇಳೆ, ಹುರುಳಿ – 6.5 ಗ್ರಾಂ
ಹೆಸರುಬೇಳೆ, ಪನೀರ್ – 7 ಗ್ರಾಂ
ಮೊಟ್ಟೆ – 9ರಿಂದ 10 ಗ್ರಾಂ
ಚರ್ಮ ತೆಗೆದ ಕೋಳಿ ಎದೆಮಾಂಸ – 19 ಗ್ರಾಂ
ಸೋಯಾ ಚಂಕ್ಸ್ – 15 ಗ್ರಾಂ

ಇಲ್ಲಿ ಕೆಲವು ನಂಬಿಕೆಗಳು ಅಲುಗಾಡುತ್ತವೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ನಾರೂ ಚೆನ್ನಾಗಿದೆ. ಆದರೆ ಪ್ರೊಟೀನ್ ವಿಷಯದಲ್ಲಿ ಅದು ಅಕ್ಕಿಯ ಪಕ್ಕದಲ್ಲೇ ಕೂರುತ್ತೆ. ಮುದ್ದೆಗೆ ಶಕ್ತಿ ಬರೋದು ಜೊತೆಗಿರುವ ಹುರುಳಿ ಸಾರಿನಿಂದ, ಕಾಳಿನ ಬಸ್ಸಾರಿನಿಂದ, ಕೋಳಿ ಸಾರಿನಿಂದ. ಶೇಂಗಾವನ್ನು ಬಡವರ ಬಾದಾಮಿ ಅಂತೀವಿ. ಅದರಲ್ಲಿ ಪ್ರೊಟೀನ್ ಇರೋದು ನಿಜ, ಆದರೆ ಕ್ಯಾಲೊರಿಯ ಮುಕ್ಕಾಲು ಪಾಲಿನ ಹತ್ತಿರ ಕೊಬ್ಬಿನದು. ಶೇಂಗಾ ಚಟ್ನಿಪುಡಿ ರುಚಿಗೆ ಇರಲಿ, ಪ್ರೊಟೀನ್ ಲೆಕ್ಕಕ್ಕೆ ಅದನ್ನು ನಂಬಿ ಕೂರಬೇಡಿ.

ಈಗ ಅದೇ ದಿನವನ್ನು ಬದಲಾಯಿಸೋಣ. ಅಡುಗೆ ಅದೇ ಊರಿನದು, ಅಳತೆ ಮಾತ್ರ ಬೇರೆ.

ಸಕ್ಕರೆ ಇಲ್ಲದ ಎರಡು ಕಾಫಿ: 100 ಕ್ಯಾಲೊರಿ, 5 ಗ್ರಾಂ ಪ್ರೊಟೀನ್.

ತಿಂಡಿಗೆ 50 ಗ್ರಾಂ ಹೆಸರುಬೇಳೆ ನೆನೆಸಿ ರುಬ್ಬಿದ ದೋಸೆ, ಒಂದು ಚಮಚ ಎಣ್ಣೆ, ಸ್ವಲ್ಪ ಚಟ್ನಿ: 230 ಕ್ಯಾಲೊರಿ, 12 ಗ್ರಾಂ.

ಮಧ್ಯಾಹ್ನ 50 ಗ್ರಾಂ ಅಕ್ಕಿಯ ಅನ್ನ, 40 ಗ್ರಾಂ ಕಾಳಿನ ಗಟ್ಟಿ ಸಾರು, ಪಲ್ಯ, 150 ಗ್ರಾಂ ಮೊಸರು: 485 ಕ್ಯಾಲೊರಿ, 20 ಗ್ರಾಂ.

ಸಂಜೆ ಬಿಸ್ಕತ್ ಬದಲು 25 ಗ್ರಾಂ ಹುರಿಗಡಲೆ: 95 ಕ್ಯಾಲೊರಿ, 5 ಗ್ರಾಂ.

ರಾತ್ರಿ ಎರಡು ಚಪಾತಿ, 35 ಗ್ರಾಂ ಸೋಯಾ ಚಂಕ್ಸ್ ಹಾಕಿದ ತರಕಾರಿ ಪಲ್ಯ: 435 ಕ್ಯಾಲೊರಿ, 26 ಗ್ರಾಂ.

ಮಲಗುವ ಮುಂಚೆ ಒಂದು ಲೋಟ ಟೋನ್ಡ್ ಹಾಲು: 120 ಕ್ಯಾಲೊರಿ, 6 ಗ್ರಾಂ.

ಒಟ್ಟು 1465 ಕ್ಯಾಲೊರಿ, 74 ಗ್ರಾಂ ಪ್ರೊಟೀನ್. ಕ್ಯಾಲೊರಿ ಹೆಚ್ಚುಕಡಿಮೆ ಅಷ್ಟೇ, ಪ್ರೊಟೀನ್ ಮಾತ್ರ ಎರಡು ಪಟ್ಟಿಗೆ ಹತ್ತಿರ. ಅನ್ನ ಬಿಡಲಿಲ್ಲ, ಚಪಾತಿ ಬಿಡಲಿಲ್ಲ. ಬೇಳೆ, ಕಾಳಿನ ಪಾಲು ಹೆಚ್ಚಿತು, ಧಾನ್ಯದ ಪಾಲು ಇಳಿಯಿತು. ದಿನದ ಕ್ಯಾಲೊರಿಯಲ್ಲಿ ಅಕ್ಕಿ, ಗೋಧಿ, ಸಿರಿಧಾನ್ಯಗಳ ಪಾಲು 45 ಪರ್ಸೆಂಟ್ ಮೀರದಿರಲಿ ಅಂತ ಇದೇ ಪೌಷ್ಟಿಕತೆ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಮೊದಲ ದಿನದ ಲೆಕ್ಕದಲ್ಲಿ ಅದು 55ರ ಹತ್ತಿರ ಇತ್ತು.

ಮೊಟ್ಟೆ ತಿನ್ನುವವರಿಗೆ ದಾರಿ ಇನ್ನೂ ಸಲೀಸು. ಎರಡು ಮೊಟ್ಟೆ ಅಂದರೆ ಸುಮಾರು 13 ಗ್ರಾಂ. ಒಂದು ಎಚ್ಚರಿಕೆ: ಕಾಳು, ಸೋಯಾ ಅಭ್ಯಾಸ ಇಲ್ಲದವರು ಒಂದೇ ದಿನಕ್ಕೆ ಇಷ್ಟಕ್ಕೆ ಏರಿಸಿದರೆ ಹೊಟ್ಟೆ ಉಬ್ಬರ ಖಂಡಿತ. ಎರಡು ಮೂರು ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ.

ಒಂದೇ ಪಾತ್ರೆ, ನಾಲ್ಕು ತಟ್ಟೆ

ಆ್ಯಪ್‌ನಲ್ಲಿ ‘ಸಾಂಬಾರ್, ಒಂದು ಬಟ್ಟಲು’ ಅಂತ ಹುಡುಕಿದರೆ ಹತ್ತು ಉತ್ತರ ಬರುತ್ತೆ, ಯಾವುದೂ ನಿಮ್ಮ ಮನೆಯದಲ್ಲ. ಇದಕ್ಕೆ ಸುಲಭ ಉಪಾಯ: ಕುಕ್ಕರ್‌ಗೆ ಹಾಕುವ ಮುಂಚೆ ಬೇಳೆ ತೂಗಿ. ನಾಲ್ಕು ಜನಕ್ಕೆ 100 ಗ್ರಾಂ ತೊಗರಿಬೇಳೆ ಹಾಕಿದ್ದರೆ ನಿಮ್ಮ ಪಾಲು 25 ಗ್ರಾಂ, ಅಂದರೆ ಐದೂವರೆ ಗ್ರಾಂ ಪ್ರೊಟೀನ್. ಅದೂ ಸೌಟಿನಲ್ಲಿ ತಳದ ಗಟ್ಟಿ ಬಂದರೆ. ಮೇಲಿನ ತಿಳಿ ಮಾತ್ರ ಬಡಿಸಿಕೊಂಡರೆ ಅದೂ ಇಲ್ಲ. ಅಮ್ಮನ ಹತ್ತಿರ ಬೇರೆ ಅಡುಗೆ ಮಾಡಿಸೋದಕ್ಕಿಂತ ‘ಸಾರಿಗೆ ಇನ್ನೊಂದು ಹಿಡಿ ಬೇಳೆ ಹಾಕು’ ಅನ್ನೋದು ಎಲ್ಲರಿಗೂ ಒಳ್ಳೇದು. ಆ ಮನೆಯಲ್ಲಿ ಪ್ರೊಟೀನ್ ಕಡಿಮೆಯಾಗಿರೋದು ನಿಮಗೊಬ್ಬರಿಗೇ ಅಲ್ಲವಲ್ಲ.

ತೂಕ ಯಾವಾಗಲೂ ಹಸಿಯದ್ದೇ ನೋಡಿ. ಒಣ ಸೋಯಾ 100 ಗ್ರಾಂನಲ್ಲಿ 50 ಗ್ರಾಂ ದಾಟಿ ಪ್ರೊಟೀನ್ ಇರುತ್ತೆ. ನೀರು ಹೀರಿ ಉಬ್ಬಿದ 100 ಗ್ರಾಂನಲ್ಲಿ ಅಷ್ಟು ಇರಲ್ಲ. ಅನ್ನಕ್ಕೂ ಇದೇ ಮಾತು.

ಎಣ್ಣೆಯನ್ನೂ ಮರೆಯಬೇಡಿ. ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ, ಪ್ರೊಟೀನ್ ಸೊನ್ನೆ. ಒಗ್ಗರಣೆಗೆ ‘ಕಣ್ಣಳತೆ’ ಹಾಕುವ ಮನೆಗಳಲ್ಲಿ ಲೆಕ್ಕ ತಪ್ಪೋದು ಇಲ್ಲೇ.

ದಿನ ಅಲ್ಲ, ವಾರ ನೋಡಿ

ಶನಿವಾರ ಮದುವೆ ಊಟ, ಹೋಳಿಗೆ ಇದ್ದೇ ಇರುತ್ತೆ. ಒಂದು ದಿನ ಸೂರು ಮುರಿದರೆ ಮನೆಯೇನೂ ಬೀಳಲ್ಲ. ಏಳು ದಿನದ ಸರಾಸರಿ 1450ರ ಹತ್ತಿರ ಇದೆಯಾ ನೋಡಿ. ಪ್ರೊಟೀನ್ ನೆಲ ಮಾತ್ರ ಆದಷ್ಟು ದಿನಾ ಉಳಿಸಿಕೊಳ್ಳಿ.

ತೂಕದ ಯಂತ್ರಕ್ಕೂ ಇದೇ ನಿಯಮ. ದೇಹ ಕೂಡಿಟ್ಟುಕೊಳ್ಳುವ ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಸೇರುತ್ತೆ. ಹಾಗಾಗಿ ಅನ್ನ ಹೆಚ್ಚು ತಿಂದ ಮರುದಿನ, ಉಪ್ಪಿನಕಾಯಿ ಜಾಸ್ತಿಯಾದ ಮರುದಿನ, ಮುಟ್ಟಿನ ಆಸುಪಾಸಿನ ದಿನಗಳಲ್ಲಿ ಒಂದೂವರೆ ಕೆ.ಜಿ. ಏರಿದಂತೆ ಕಾಣಬಹುದು. ಅದು ಕೊಬ್ಬಲ್ಲ. ಒಂದು ಕೆ.ಜಿ. ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ, ಒಂದು ರಾತ್ರಿ ಊಟದಲ್ಲಿ ಬರೋ ಮಾತೇ ಅಲ್ಲ. ಅದೇ ಲೆಕ್ಕದಲ್ಲಿ ದಿನಕ್ಕೆ 375ರ ಕೊರತೆ ಅಂದರೆ ತಿಂಗಳಿಗೆ ಒಂದೂವರೆ ಕೆ.ಜಿ. ನಿಧಾನ ಅನಿಸಬಹುದು. ವೇಗಕ್ಕಾಗಿ ಸೂರನ್ನು 1000ಕ್ಕೆ ಇಳಿಸಿದರೆ ನೆಲ, ಸೂರು ಎರಡೂ ಒಂದಕ್ಕೊಂದು ತಾಗಿ ನಡುವೆ ನಿಲ್ಲೋಕೇ ಜಾಗ ಇರಲ್ಲ. ವೈದ್ಯರ ನಿಗಾ ಇಲ್ಲದೆ 1200ಕ್ಕಿಂತ ಕೆಳಗೆ ಹೋಗಬೇಡಿ.

ಕಿಡ್ನಿ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಬಾಣಂತಿಯರು ಈ ಲೆಕ್ಕವನ್ನು ತಾವೇ ಹಾಕಿಕೊಳ್ಳೋದು ಬೇಡ, ವೈದ್ಯರ ಹತ್ತಿರ ಮಾತಾಡಿ. ಊಟದ ಹೊತ್ತಿಗೆ ತುತ್ತಿಗಿಂತ ಸಂಖ್ಯೆಯೇ ತಲೆಯಲ್ಲಿ ಸುತ್ತುತ್ತಿದ್ದರೆ, ಲೆಕ್ಕ ತಪ್ಪಿತು ಅಂತ ಊಟವನ್ನೇ ಬಿಡುವ ಹಾಗಾದರೆ ಆ್ಯಪ್ ಪಕ್ಕಕ್ಕಿಡಿ.

ಹೇಗೂ ಈ ಅಳತೆಯೆಲ್ಲ ಜೀವನಪೂರ್ತಿ ಬೇಕಿಲ್ಲ. ಮೂರು ನಾಲ್ಕು ವಾರ ತೂಗಿ ಬರೆದುಕೊಂಡರೆ ನಿಮ್ಮ ಮನೆಯ ಹತ್ತು ಹದಿನೈದು ಅಡುಗೆಗಳ ಲೆಕ್ಕ ಕಣ್ಣಿಗೇ ಗೊತ್ತಾಗಿಬಿಡುತ್ತೆ. ಆಮೇಲೆ ತಟ್ಟೆ ಮುಂದೆ ಕೂತಾಗ ಒಂದೇ ಪ್ರಶ್ನೆ ಸಾಕು: ಇದರಲ್ಲಿ ಬೇಳೆ, ಕಾಳು, ಮೊಸರು, ಮೊಟ್ಟೆ ಎಲ್ಲಿದೆ? ಅದನ್ನು ಮೊದಲು ಬಡಿಸಿಕೊಳ್ಳಿ. ಅನ್ನ ಆಮೇಲೆ.